ನಿಟ್ ಬಟ್ಟೆ ಹೊಲಿಯೋರೇ, ಕತ್ತರಿಸಿದ ತುಂಡುಗಳಿಗೆ ಮೊದಲೇ ಓವರ್‌ಲಾಕ್ ಹಾಕಿಸಬೇಡಿ

ಟೀ ಶರ್ಟ್ ಬಟ್ಟೆ, ಲೆಗ್ಗಿಂಗ್ಸ್ ಬಟ್ಟೆ, ಒಟ್ಟಿನಲ್ಲಿ ಎಳೆದರೆ ಹಿಗ್ಗುವ ಬಟ್ಟೆಯನ್ನು ಮನೆಯಲ್ಲಿ ಹೊಲಿಯುವವರು ಇದನ್ನು ಓದಿ. "ಮೊದಲು ಸುತ್ತ ಓವರ್‌ಲಾಕ್ ಹಾಕಿಸೋಣ, ಆಮೇಲೆ ಜೋಡಿಸೋಣ" ಅಂತ ಹೊರಗೆ ಕೊಡಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. (ಓವರ್‌ಲಾಕ್ ಅಂದ್ರೆ ಬಟ್ಟೆಯ ಅಂಚು ಎಳೆ ಬಿಡದಂತೆ ಅದನ್ನು ಬ್ಲೇಡಿನಿಂದ ಕತ್ತರಿಸುತ್ತಲೇ ಸುತ್ತ ದಾರ ಸುತ್ತುವ ಮೆಷಿನ್ ಹೊಲಿಗೆ.)

ತೆಳ್ಳಗಿನ ಹತ್ತಿ ನಿಟ್‌ನಲ್ಲಿ ಒಂದು ಟಾಪ್ ಹೊಲಿಯುವುದಿತ್ತು. ಮುಂಭಾಗ, ಹಿಂಭಾಗ, ತೋಳು ಎಲ್ಲ ಕತ್ತರಿಸಿ ಓವರ್‌ಲಾಕ್ ಹಾಕಿಕೊಡುವವರಿಗೆ ಕೊಟ್ಟೆ. ಹಿಗ್ಗುವ ಬಟ್ಟೆ ಅಂತ ಹೇಳಿಯೇ ಕೊಟ್ಟೆ. "ಎಲ್ಲಾ ಬಟ್ಟೆಗೂ ಒಂದೇ, ಏನೂ ಆಗಲ್ಲ" ಅಂದರು. ವಾಪಸ್ ಬಂದ ತುಂಡುಗಳನ್ನು ಮೇಜಿನ ಮೇಲೆ ಹರಡಿದರೆ ಒಂದೂ ಚಪ್ಪಟೆಯಾಗಿ ಕೂರಲಿಲ್ಲ. ಕತ್ತಿನ ಸುತ್ತ ಅಂಚು ಅಲೆ ಅಲೆಯಾಗಿ ಎದ್ದು ನಿಂತಿತ್ತು. ಪೇಪರ್ ಪ್ಯಾಟರ್ನ್ ಮೇಲಿಟ್ಟು ನೋಡಿದರೆ ಭುಜ ಉದ್ದವಾಗಿದೆ, ಪಕ್ಕಗಳು ಮಾತ್ರ ಒಳಗೆ ಹೋಗಿವೆ, ಯಾಕಂದ್ರೆ ಮೆಷಿನ್‌ನ ಬ್ಲೇಡು ನಾನು ಹೊಲಿಗೆಗೆ ಅಂತ ಬಿಟ್ಟಿದ್ದ ಮಾರ್ಜಿನ್ನನ್ನೂ ಕತ್ತರಿಸಿಕೊಂಡು ಹೋಗಿತ್ತು. ಬೆಳಕಿಗೆ ಹಿಡಿದರೆ ಸೂಜಿ ಹೋದ ದಾರಿಯಲ್ಲಿ ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ ತೂತುಗಳು. ಒಂದು ತೂತಿನ ಹತ್ತಿರ ಮೆಲ್ಲಗೆ ಎಳೆದೆ ಅಷ್ಟೇ, ಅಲ್ಲಿಂದ ಏಣಿಯ ಮೆಟ್ಟಿಲಿನ ಹಾಗೆ ಎಳೆ ಬಿಚ್ಚಿಕೊಂಡು ಮೇಲಕ್ಕೆ ಹೋಯಿತು. ಕೇಳಿದರೆ ಬಟ್ಟೆಯೇ ಸರಿ ಇಲ್ಲ ಅನ್ನುವ ಉತ್ತರ. ಬಟ್ಟೆ ಚೆನ್ನಾಗಿಯೇ ಇತ್ತು ಸ್ವಾಮಿ.

ತೂತಿಗೆ ಕಾರಣ ಸೂಜಿ. ನಿಟ್ ಬಟ್ಟೆ ಅಂದ್ರೆ ಒಂದಕ್ಕೊಂದು ಸಿಕ್ಕಿಕೊಂಡ ಕುಣಿಕೆಗಳು. ಮಾಮೂಲಿ ಚೂಪು ಸೂಜಿ ಆ ಕುಣಿಕೆಯನ್ನೇ ಚುಚ್ಚಿ ಕಡಿದುಬಿಡುತ್ತದೆ. ಬಾಲ್‌ಪಾಯಿಂಟ್ ಸೂಜಿಯ ತುದಿ ದುಂಡಗಿರುವುದರಿಂದ ಅದು ಕುಣಿಕೆಯನ್ನು ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ತೆಳು ನಿಟ್‌ಗೆ 75/11 ಅಳತೆಯ ಸೂಜಿ ಸಾಕು, ಲೈಕ್ರಾ (ರಬ್ಬರಿನ ಹಾಗೆ ಹಿಗ್ಗುವ ಎಳೆ) ಜಾಸ್ತಿ ಇದ್ದರೆ ಸ್ಟ್ರೆಚ್ ಸೂಜಿ ಅಂತಲೇ ಬೇರೆ ಬರುತ್ತದೆ. ಅಲೆ ಏಳುವುದು ಬಟ್ಟೆ ಹಿಗ್ಗಿದಾಗಲೇ ಅದರ ಮೇಲೆ ದಾರ ಕೂತುಬಿಡುವುದರಿಂದ. ಒಳ್ಳೆಯ ಓವರ್‌ಲಾಕ್ ಮೆಷಿನ್‌ನಲ್ಲಿ ಡಿಫರೆನ್ಷಿಯಲ್ ಫೀಡ್ ಇರುತ್ತದೆ. ಅಂದರೆ ಅಡಿಯಲ್ಲಿ ಬಟ್ಟೆ ತಳ್ಳುವ ಹಲ್ಲುಗಳು ಎರಡು ಜೊತೆ, ಮುಂದಿನ ಜೊತೆ ಹೆಚ್ಚು ತಳ್ಳಿದರೆ ಬಟ್ಟೆ ಹಿಗ್ಗಲು ಜಾಗವೇ ಸಿಗಲ್ಲ. ಸಾದಾ ಬಟ್ಟೆಗೆ ಅದು 1ರಲ್ಲಿರುತ್ತದೆ, ನಿಟ್‌ಗೆ ಸಾಮಾನ್ಯವಾಗಿ 1.5ರಿಂದ 2ರವರೆಗೆ ಏರಿಸಬೇಕು. ಈ ಸೌಲಭ್ಯವೇ ಇಲ್ಲದ ಮೆಷಿನ್‌ಗಳೂ ಬೇಕಾದಷ್ಟಿವೆ. (ಇದೇ ಅಲೆಯನ್ನು ಮಕ್ಕಳ ಫ್ರಾಕಿನ ಕೆಳ ಅಂಚಿಗೆ ಬೇಕು ಅಂತಲೇ ಮಾಡ್ತಾರೆ, ಅಲ್ಲಿ ಮುದ್ದಾಗಿ ಕಾಣುತ್ತೆ. ಕತ್ತಿಗಲ್ಲ!)

ಇನ್ನೊಂದು ವಿಷಯ. ಈ ಓವರ್‌ಲಾಕ್ ನಮಗೆ ನಿಜಕ್ಕೂ ಬೇಕಾ? ಸಾದಾ ನೇಯ್ದ ಬಟ್ಟೆಯ ಅಂಚು ಎಳೆ ಬಿಡುತ್ತದೆ, ಅದಕ್ಕೆ ಓವರ್‌ಲಾಕೋ ಇನ್ನೊಂದೋ ಬೇಕೇ ಬೇಕು. ಕುಣಿಕೆ ಕಡಿಯದಿದ್ದರೆ ನಿಟ್‌ನ ಅಂಚು ಸಾಮಾನ್ಯವಾಗಿ ಹಾಗೆ ಎಳೆ ಬಿಡುವುದಿಲ್ಲ, ಹೆಚ್ಚೆಂದರೆ ಸುರುಳಿ ಸುತ್ತಿಕೊಳ್ಳುತ್ತದೆ. ಎಷ್ಟೋ ಉಡುಪಿನಲ್ಲಿ ಅಂಚನ್ನು ಹಾಗೇ ಬಿಟ್ಟರೂ ನಡೆಯುತ್ತದೆ. ಮುಖ್ಯವಾಗಿ ಬೇಕಾದದ್ದು ಬಟ್ಟೆಯ ಜೊತೆ ತಾನೂ ಹಿಗ್ಗುವ ಹೊಲಿಗೆ. ಸುಮ್ನೆ ನೇರ ಹೊಲಿಗೆ ಹಾಕಿದರೆ ತಲೆ ತೂರಿಸುವಾಗ ಪಟ್ ಅಂತ ದಾರ ಕಿತ್ತುಹೋಗುತ್ತದೆ. ಮನೆಯ ಮೆಷಿನ್‌ನಲ್ಲೇ ಸಣ್ಣ ಜಿಗ್‌ಜಾಗ್ ಹಾಕಿ. ಅಗಲ ಸುಮಾರು 1 ಮಿಲಿಮೀಟರ್, ಉದ್ದ 2.5. ಹತ್ತಿ ದಾರ ಬೇಡ, ಪಾಲಿಯೆಸ್ಟರ್ ದಾರ ಹಾಕಿ. ಪ್ರೆಸರ್ ಫುಟ್‌ನ (ಬಟ್ಟೆಯನ್ನು ಮೇಲಿಂದ ಒತ್ತಿ ಹಿಡಿಯುವ ಪಾದ) ಒತ್ತಡ ಕಡಿಮೆ ಮಾಡಲು ಬಂದರೆ ಮಾಡಿ, ಆದರೆ ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ. ಅಂಚೂ ಅಚ್ಚುಕಟ್ಟಾಗಿರಲಿ ಅನ್ನಿಸಿದರೆ ಎರಡು ತುಂಡು ಜೋಡಿಸಿದ ಮೇಲೆ, ಎರಡೂ ಅಂಚು ಸೇರಿಸಿ ಪಕ್ಕದಲ್ಲೇ ಅಗಲವಾದ ಜಿಗ್‌ಜಾಗ್ ಒಂದು ಸಾಲು ಓಡಿಸಿ, ಉಳಿದದ್ದನ್ನು ಕತ್ತರಿಸಿಬಿಡಿ.

ಹೊರಗೇ ಕೊಡುವುದಾದರೆ ಅದೇ ಬಟ್ಟೆಯ ಚೂರೊಂದನ್ನು ಮೊದಲು ಕೊಟ್ಟು ನಿಮ್ಮ ಕಣ್ಣೆದುರೇ ಹಾಕಿಸಿ. ಅಡ್ಡಕ್ಕೊಂದು, ಉದ್ದಕ್ಕೊಂದು ಸಾಲು. ಬಟ್ಟೆ ಅಡ್ಡಕ್ಕೇ ಜಾಸ್ತಿ ಹಿಗ್ಗುವುದರಿಂದ ಅಲೆ ಅಲ್ಲೇ ಮೊದಲು ಕಾಣುತ್ತದೆ. ಸೂಜಿ ಯಾವುದು ಅಂತ ಕೇಳಿ. ಬ್ಲೇಡು ಎಷ್ಟು ಕತ್ತರಿಸುತ್ತೆ ಅಂತಲೂ ಕೇಳಿ. ಮುಖ ಸಿಂಡರಿಸಿದರೆ ಬಟ್ಟೆ ಮಡಚಿಕೊಂಡು ಬಂದುಬಿಡಿ.

ಈಗಾಗಲೇ ಅಲೆ ಎದ್ದಿದ್ದರೆ ಅಂಚಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ತಾಕಿಸದೆ ಹಿಡಿದು ಹಬೆ ಕೊಡಿ, ಬೆರಳಲ್ಲಿ ಮೆಲ್ಲಗೆ ಒಳಕ್ಕೆ ಕೂಡಿಸಿ, ಆರುವ ತನಕ ಎತ್ತಬೇಡಿ. ಹತ್ತಿ ನಿಟ್ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತದೆ. ನನ್ನದರಲ್ಲಿ ತೋಳು ಹೀಗೆ ಸರಿಹೋಯಿತು. ಕತ್ತಿನ ಭಾಗ ಉಳಿಯಲಿಲ್ಲ, ಯಾಕಂದ್ರೆ ಓವರ್‌ಲಾಕ್ ಬಿಚ್ಚಲು ಹೋದ ಕಡೆಯೆಲ್ಲ ಕಡಿದ ಕುಣಿಕೆಗಳು ಬಾಯಿ ಬಿಟ್ಟವು.