ಸೇಡಂ ರಸ್ತೆಗೆ ಟ್ಯಾಕ್ಸಿ ಟೈರೋ, ಕಂಫರ್ಟ್ ಟೈರೋ?

ಕಲಬುರಗಿ ಜಿಲ್ಲೆಯ ಸೇಡಂ, ಶಹಾಬಾದ್, ವಾಡಿ ಕಡೆ ಆಗಾಗ ಕಾರು ಒಯ್ಯುವವರು ಟ್ಯಾಕ್ಸಿಯವರು ಹಾಕಿಸುವ ಗಟ್ಟಿ ಟೈರನ್ನೇ ಹಾಕಿಸಿ. ಎರಡೂ ಬಗೆಯನ್ನು ಇವೇ ರಸ್ತೆಗಳಲ್ಲಿ ಸವೆಸಿ ನೋಡಿ ಹೇಳುತ್ತಿರುವ ಮಾತಿದು. ಗಟ್ಟಿ ಅಂದರೆ ಅಪೊಲೊ ಅಮೇಜರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಎಕ್ಸ್3 ಥರದವು. ಕಂಫರ್ಟ್ ಅಂದರೆ ಸದ್ದು ಕಡಿಮೆ, ಓಟ ಮೆತ್ತಗೆ ಎಂದು ಹೆಚ್ಚಿನ ಬೆಲೆಗೆ ಮಾರುವವು.

ಮೊದಲು ಟೈರ್ ಬದಲಿಸಲೇಬೇಕೇ ನೋಡಿ. ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿ, ತೂತು 6 ಮಿ.ಮೀ. ದಾಟದಿದ್ದರೆ ರಿಪೇರಿ ಸಾಕು. ಹೊರಗಿನಿಂದ ತುರುಕುವ ಸ್ಟ್ರಿಪ್ ಊರು ಮುಟ್ಟಲಿಕ್ಕೆ ಮಾತ್ರ. ಆಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಅಣಬೆ ಆಕಾರದ ಮಶ್ರೂಮ್ ಪ್ಯಾಚ್ ಹಾಕಿಸಿ. ಬಿಚ್ಚಿದಾಗ ಒಳಗೆ ಕೈಯಾಡಿಸಿ. ಕಪ್ಪು ರಬ್ಬರ್ ಪುಡಿ ಉದುರಿದ್ದು, ಒಳಗೋಡೆಯ ಸುತ್ತ ಉಜ್ಜಿದ ಪಟ್ಟಿ ಕಂಡರೆ ಆ ಟೈರ್ ಹವಾ ಇಲ್ಲದೆ ಓಡಿದೆ ಎಂದರ್ಥ. ಅದಕ್ಕೆ ಪ್ಯಾಚ್ ಬೇಡ.

ಸೈಡ್‌ವಾಲ್‌ನಲ್ಲಿ (ಟೈರಿನ ಪಕ್ಕದ ಗೋಡೆ) ಗುಳ್ಳೆ ಎದ್ದರೆ ಟೈರ್ ಮುಗಿದಂತೆಯೇ. ತಗ್ಗಿನ ಅಂಚಿಗೂ ರಿಮ್ಮಿಗೂ ನಡುವೆ ಸೈಡ್‌ವಾಲ್ ಸಿಕ್ಕಿ ನಜ್ಜಾದಾಗ ಒಳಗಿನ ದಾರ ಹರಿಯುತ್ತದೆ. ಹರಿದ ಜಾಗದಲ್ಲಿ ಹವಾ ಬರೀ ರಬ್ಬರನ್ನು ಹೊರಕ್ಕೆ ತಳ್ಳುತ್ತದೆ. ಹವಾ ಕಡಿಮೆಯಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಅಲ್ಲಿಗೂ ಪ್ಯಾಚ್ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ, ಒಪ್ಪಬೇಡಿ. ಚಕ್ರ ಸುತ್ತಿದಷ್ಟೂ ಸಲ ಬಾಗುವ ಜಾಗದಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ಸಿಮೆಂಟ್ ಲಾರಿಗಳು ಒಡೆದ ಡಾಂಬರಿನ ಅಂಚು, ಬದಿಗೆ ಬಿದ್ದ ಫರ್ಸಿ ಕಲ್ಲಿನ ಚೂರು ಇವಕ್ಕೆಲ್ಲ ಗಟ್ಟಿ ಟೈರಿನ ಸೈಡ್‌ವಾಲ್ ತಡೆದುಕೊಂಡಷ್ಟು ಮೆತ್ತನೆಯದು ತಡೆಯಲಿಲ್ಲ.

ಕಂಫರ್ಟ್ ಟೈರಿನ ದೊಡ್ಡ ತಲೆನೋವು ಮಾತ್ರ ಬೇರೆಯೇ. ಹಳೆಯ ಸ್ಟಾಕ್! ಕಲಬುರಗಿಯಲ್ಲಿ ಟ್ಯಾಕ್ಸಿ ಟೈರ್ ಬಂದಂತೆ ಖಾಲಿಯಾಗುತ್ತದೆ, ದುಬಾರಿ ಟೈರ್ ಕೇಳುವವರು ಕಡಿಮೆ. ಅದು ತಗಡಿನ ಗೋದಾಮಿನಲ್ಲಿ ಒಂದು ಬೇಸಿಗೆ, ಕೆಲವೊಮ್ಮೆ ಎರಡು ಬೇಸಿಗೆ ಕಳೆದು ಗಾಡಿಗೆ ಏರುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ, ಓಡದಿದ್ದರೂ ರಬ್ಬರ್ ಗಡುಸಾಗುತ್ತದೆ. ಮೆತ್ತನೆಯ ಓಟಕ್ಕೆಂದು ಕೊಟ್ಟ ಹಣ ಅಲ್ಲಿಗೆ ಹೋಯಿತು.

ತಯಾರಿಯ ದಿನಾಂಕ ಸೈಡ್‌ವಾಲ್ ಮೇಲೆ, ಡಾಟ್ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿರುತ್ತದೆ. 1825 ಅಂದರೆ 2025ನೇ ಇಸವಿಯ 18ನೇ ವಾರ. ಹೆಚ್ಚಿನ ಟೈರ್‌ಗಳಲ್ಲಿ ಈ ನಾಲ್ಕು ಅಂಕಿ ಒಂದೇ ಬದಿಯಲ್ಲಿರುತ್ತವೆ. ಆ ಬದಿ ಒಳಮುಖವಾಗಿ ಕೂತರೆ ಗಾಡಿಯಡಿ ಟಾರ್ಚ್ ಹಿಡಿದು ಮಲಗಬೇಕು. ಹಾಗಾಗಿ ರಿಮ್ಮಿಗೆ ಏರಿಸುವ ಮುನ್ನವೇ ನಾಲ್ಕೂ ಟೈರನ್ನು ನೆಲಕ್ಕೆ ಮಲಗಿಸಿ ಓದಿ, ಫೋಟೋ ತೆಗೆದುಕೊಳ್ಳಿ. ಮೂರು ಹೊಸವು, ಒಂದು ಹಳೆಯದು ಬರುವುದೂ ಉಂಟು. ಆರು ತಿಂಗಳು ದಾಟಿದ್ದನ್ನು ನಾನಂತೂ ತೆಗೆದುಕೊಳ್ಳುವುದಿಲ್ಲ. ‘ಕಂಪನಿಯಿಂದಲೇ ಹೀಗೆ ಬಂದದ್ದು ಸರ್’ ಎಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಒದ್ದೆ ರಸ್ತೆಯಲ್ಲಿ ಕಂಫರ್ಟ್ ಟೈರೇ ಮೇಲು. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ಹೊಲದಿಂದ ಎರೆಮಣ್ಣು ತಂದು ರಸ್ತೆಗೆ ಬಳಿದಾಗ ಗಟ್ಟಿ ಟೈರ್ ಬ್ರೇಕಿಗೆ ಬೇಗ ಜಾರುತ್ತದೆ, ವೇಗ ಇಳಿಸಲೇಬೇಕು. ಸದ್ದಿನಲ್ಲೂ ಕಂಫರ್ಟೇ ಗೆಲ್ಲುತ್ತದೆ.

ಯಾವುದನ್ನೇ ಕೊಂಡರೂ ಹಳೆಯ ಟೈರಿನ ಲೋಡ್ ಸಂಖ್ಯೆಗಿಂತ ಕೆಳಗಿಳಿಯಬೇಡಿ; 88 ಇದ್ದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ. ಎರಡನ್ನೇ ಬದಲಿಸುವುದಾದರೆ ಹೊಸವು ಹಿಂದಕ್ಕೆ.

ಬೀದರ್ ಕಡೆಯ ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರು, ಹೊಸ ದಿನಾಂಕದ್ದು ಸಿಕ್ಕರೆ, ಕಂಫರ್ಟ್ ತೆಗೆದುಕೊಳ್ಳಬಹುದು. ನನ್ನ ಓಡಾಟವೆಲ್ಲ ಕಲ್ಲುಗಣಿ, ಸಿಮೆಂಟ್ ಕಾರ್ಖಾನೆಗಳ ಕಡೆ. ಗಟ್ಟಿ ಟೈರ್ ಕೊಂಡು ಉಳಿದ ಹಣಕ್ಕೆ ಸ್ಟೆಪ್ನಿಯೂ ಹೊಸದಾಗುತ್ತದೆ, ಅಲೈನ್‌ಮೆಂಟ್ ಖರ್ಚೂ ಅದರಲ್ಲೇ ಕಳೆಯುತ್ತದೆ.