ಗಲೀನಾನಾ, ಕೊಲಂಬಸ್ಸಾ, ಮೇಸನ್ ಸಿಟಿಯಾ?

ಚಿಕಾಗೋದಿಂದ ವಾರಾಂತ್ಯಕ್ಕೆ ಹೊರಡೋದಾದರೆ ಈ ಮೂರರಲ್ಲಿ ಯಾವ ಊರು ಅಂತ ಕೇಳಿದ್ದೀರಿ. ಹತ್ತಿರದ್ದು ಇಲಿನಾಯ್‌ನ ಗಲೀನಾ, ಸುಮಾರು ಮೂರು ಗಂಟೆ ಡ್ರೈವ್. ಇಂಡಿಯಾನಾದ ಕೊಲಂಬಸ್ ಸ್ವಲ್ಪ ಜಾಸ್ತಿ. ಅಯೋವಾದ ಮೇಸನ್ ಸಿಟಿಗೆ ಹೋದರೆ ಒಂದು ರಾತ್ರಿ ಉಳಿಯಲೇಬೇಕು.

ಹಳೆಯ ಪೇಟೆ ಅಂದರೆ ಗಲೀನಾನೇ. 19ನೇ ಶತಮಾನದಲ್ಲಿ ಸೀಸದ ಗಣಿಯ ದುಡ್ಡಿನಿಂದ ಬೆಳೆದ ಊರು. ಬಾಗುತ್ತಾ ಹೋಗುವ ಮೇನ್ ಸ್ಟ್ರೀಟ್, ಎರಡೂ ಕಡೆ ಒತ್ತಿಕೊಂಡು ನಿಂತ ಇಟ್ಟಿಗೆ ಕಟ್ಟಡಗಳು. ಬೀದಿಯ ಬಾಯಲ್ಲಿ ದೊಡ್ಡ ಗೇಟುಗಳಿವೆ, ನದಿ ಉಕ್ಕಿದರೆ ಮುಚ್ಚೋಕೆ! ಆದರೆ ಅಂಗಡಿಗಳೆಲ್ಲ ಪ್ರವಾಸಿಗರಿಗಾಗಿಯೇ ಇರುವಂತಿವೆ. ಮೇಲಿನ ಬೀದಿಗಳಿಗೆ ಮೆಟ್ಟಿಲು ಹತ್ತಬೇಕು. ಊರಿಂದ ಬಂದ ಅಮ್ಮನಿಗೆ ಮಂಡಿನೋವಿದ್ದರೆ ಯೋಚಿಸಿ.

ಕೊಲಂಬಸ್ ನೆಲ ಸಮತಟ್ಟು, ನಡೆಯೋದು ಸಲೀಸು. ಇಲ್ಲಿರೋದು 20ನೇ ಶತಮಾನದ ಆಧುನಿಕ ಕಟ್ಟಡಗಳು. ಸಾರ್ವಜನಿಕ ಕಟ್ಟಡಗಳಿಗೆ ಒಳ್ಳೆಯ ವಾಸ್ತುಶಿಲ್ಪಿಗಳು ಸಿಗಲಿ ಅಂತ ಇಲ್ಲಿನ ಎಂಜಿನ್ ಕಂಪನಿ ಕಮಿನ್ಸ್‌ನ ಫೌಂಡೇಶನ್ ಆ ವಾಸ್ತುಶಿಲ್ಪಿಗಳ ಫೀಸು ಕೊಟ್ಟಿತು. ಎಲಿಯಲ್ ಸಾರಿನೆನ್‌ರ 1942ರ ಚರ್ಚು, ಎದುರಿಗೇ ಐ.ಎಂ. ಪೇ ಅವರ 1969ರ ಲೈಬ್ರರಿ, ಅದರ ಮುಂದೆ ಶಿಲ್ಪಿ ಹೆನ್ರಿ ಮೂರ್‌ನ ಕಂಚಿನ ಕಮಾನು. ಕಮಾನಿನ ಕೆಳಗೆ ನಿಂತು ಚರ್ಚಿನ ಗೋಪುರ ನೋಡಿ. ಮಕ್ಕಳಿಗೆ ಬೇಸರವಾದರೆ 1900ರಿಂದ ಇರುವ ಝಹರಾಕೋಸ್ ಐಸ್‌ಕ್ರೀಂ ಅಂಗಡಿ ಇದೆ.

ಖರ್ಚು? ಬೀದಿ ಸುತ್ತೋಕೆ ಎಲ್ಲೂ ದುಡ್ಡಿಲ್ಲ. ಕೊಲಂಬಸ್‌ನ ಮಿಲ್ಲರ್ ಹೌಸ್ ಅನ್ನೋ ಆಧುನಿಕ ಶೈಲಿಯ ಮನೆಯ ಒಳಗೆ ನೋಡೋಕೆ ಮಾತ್ರ ಟಿಕೆಟ್ ಮೊದಲೇ ಮಾಡಿಸಿ.

ಮೇಸನ್ ಸಿಟಿಯ ಆಕರ್ಷಣೆ ಬೇರೆ: ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದ 1910ರ ಹೋಟೆಲಿನಲ್ಲೇ ಮಲಗಬಹುದು. ರೈಟ್ ಹುಚ್ಚಿದ್ದರೆ ಅಷ್ಟು ದೂರ ಹೋಗಿ. ಇಲ್ಲದಿದ್ದರೆ ಸುಮ್ನೆ ಪೆಟ್ರೋಲ್ ದಂಡ.