ಹಳದಿ ರಟ್ಟಿನ ಸಿನೋನಿಮ್–ಆಂಟೋನಿಮ್ ವರ್ಕ್‌ಬುಕ್: ಕೊಳ್ಳಿ, ಆದರೆ ಪೆನ್ಸಿಲ್ ಹಿಡಿದುಕೊಂಡು

ಜೂನ್ ಬಂತೆಂದರೆ ಕಾಸರಗೋಡು, ಕುಂಬಳೆ, ಬದಿಯಡ್ಕದ ಪುಸ್ತಕದಂಗಡಿಗಳಲ್ಲಿ ಬೈಂಡ್ ಹಾಕುವ ಖಾಕಿ ಕಾಗದದ ಜೊತೆಗೆ ಇಂಗ್ಲಿಷ್ ಪದಗಳ ವರ್ಕ್‌ಬುಕ್ಕುಗಳೂ ಮುಂದಿನ ಸಾಲಿಗೆ ಬರುತ್ತವೆ. ಐದರಿಂದ ಏಳನೇ ತರಗತಿವರೆಗಿನ ಯುಪಿ (ಹಿರಿಯ ಪ್ರಾಥಮಿಕ) ಮಕ್ಕಳಿಗೆಂದು ಮಾರುವ, ಹಳದಿ ರಟ್ಟಿನ, 136 ಪುಟದ ಒಂದನ್ನು ಇಲ್ಲಿ ನೋಡಿದ್ದೇವೆ. ಪ್ರಕಾಶಕರ ಹೆಸರು ಬರೆಯುತ್ತಿಲ್ಲ. ರಟ್ಟಿನ ಬಣ್ಣ ಬೇರೆಯಾದರೂ ಇಂಥ ಪುಸ್ತಕಗಳ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಬೆಲೆ 160 ರೂಪಾಯಿ. 60 ಪಾಠ, ಪಾಠಕ್ಕೆ 10 ಪದ, ಪದದೆದುರು ನಾಲ್ಕು ಕಾಲಂ: ಇಂಗ್ಲಿಷಿನಲ್ಲೇ ಅರ್ಥ, ಕನ್ನಡ ಅರ್ಥ, ಸಿನೋನಿಮ್ (ಸಮಾನಾರ್ಥಕ ಪದ), ಆಂಟೋನಿಮ್ (ವಿರುದ್ಧ ಪದ). ಐದು ಪಾಠಕ್ಕೊಂದು ಪರೀಕ್ಷೆ, ಕೊನೆಯ ಎಂಟು ಪುಟ ಉತ್ತರ.

ಪದಗಳ ಆಯ್ಕೆಯಲ್ಲಿ ತಕರಾರಿಲ್ಲ. ಬ್ರೇವ್, ಏನ್ಷಿಯಂಟ್, ಸ್ಕೇರ್ಸ್, ಜೆನರಸ್, ರೆಲಕ್ಟಂಟ್, ಬಾರೋ, ಲೆಂಡ್ ಇವೆಲ್ಲ ಶಾಲೆಯ ಪಾಠದಲ್ಲಿ, ಪತ್ರಿಕೆಯಲ್ಲಿ ನಿಜವಾಗಿ ಎದುರಾಗುವ ಪದಗಳೇ. ಸ್ಪರ್ಧಾ ಪರೀಕ್ಷೆಯ ಗೈಡುಗಳಂತೆ ಯಾರೂ ಆಡದ ಪದ ತುಂಬಿ ಹೆದರಿಸಿಲ್ಲ.

ಎಡವಿರುವುದು ಅರ್ಥ ಹೇಳುವ ಕಾಲಂನಲ್ಲಿ. 'ಬ್ರೇವರಿ' ಎದುರು 'ದಿ ಕ್ವಾಲಿಟಿ ಆಫ್ ಬೀಯಿಂಗ್ ಬ್ರೇವ್' ಎಂದಿದೆ. ಬ್ರೇವ್ ಗೊತ್ತಿಲ್ಲದ ಮಗುವಿಗೆ ಇದರಿಂದ ಸಿಕ್ಕಿದ್ದೇನು? ಅರ್ಥ ಹೇಳುವಾಗ ಆ ಪದಕ್ಕಿಂತ ಸುಲಭದ ಪದಗಳೇ ಬೇಕು. ಇದು ಹೊಸ ವಿಚಾರವಲ್ಲ. ಕಲಿಯುವವರಿಗೆಂದು 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2000 ಪದಗಳ ಒಂದು ಪಟ್ಟಿಯನ್ನೇ ಇಟ್ಟುಕೊಂಡು ತನ್ನ ವಿವರಣೆಗಳನ್ನು ಬರೆದಿತ್ತು. ಮನೆಯಲ್ಲಿ ನಿಘಂಟು ಕೊಳ್ಳುವುದಾದರೆ ಆ ಬಗೆಯದನ್ನೇ ಕೊಳ್ಳಿ, ಜೇಬಿನಲ್ಲಿ ಹಿಡಿಯುವ ಗಾತ್ರದ್ದು ಬೇಡ. ಚಿಕ್ಕದರಲ್ಲಿ ಮೊದಲು ಕತ್ತರಿಸಿ ಬಿಸಾಡುವುದೇ ಉದಾಹರಣೆ ವಾಕ್ಯಗಳನ್ನು.

ಕನ್ನಡ ಕಾಲಂ ಕೂಡ ಮಗುವಿನ ಕನ್ನಡದಲ್ಲಿಲ್ಲ. ರೆಲಕ್ಟಂಟ್ ಎಂದರೆ 'ಅನಿಚ್ಛೆಯುಳ್ಳ' ಎಂದು ಬರೆದರೆ ಅದಕ್ಕೆ ಮತ್ತೊಂದು ಅರ್ಥ ಹುಡುಕಬೇಕು. 'ಮನಸ್ಸಿಲ್ಲದ ಮನಸ್ಸಿನಿಂದ' ಎಂದರೆ ಮುಗಿಯಿತು. ಕನ್ನಡದ ಒಂದೇ ಪದ ಇಂಗ್ಲಿಷಿನಲ್ಲಿ ಎರಡಾಗುವ ಕಡೆಯಂತೂ ಪುಸ್ತಕ ಪೂರ್ತಿ ಕೈಬಿಟ್ಟಿದೆ. ಶೇಡ್ ಎದುರು ನೆರಳು, ಶ್ಯಾಡೋ ಎದುರೂ ನೆರಳು. ಹಲಸಿನ ಮರದಡಿ ಬಿಸಿಲು ತಾಗದ ಜಾಗ ಶೇಡ್. ಸಂಜೆ ಅಂಗಳದಲ್ಲಿ ಉದ್ದಕ್ಕೆ ಬೀಳುವ ನಮ್ಮದೇ ಆಕಾರ ಶ್ಯಾಡೋ. ಇಷ್ಟು ಬರೆಯಲು ಅರ್ಧ ಸಾಲು ಸಾಕಿತ್ತು. ಬಾರೋ, ಲೆಂಡ್ ಎರಡಕ್ಕೂ 'ಸಾಲ' ಎಂದಷ್ಟೇ ಹಾಕಿದ್ದಾರೆ. ಕಡ ತಕ್ಕೊಳ್ಳುವುದು ಬಾರೋ, ಕಡ ಕೊಡುವುದು ಲೆಂಡ್.

ಸಿನೋನಿಮ್ ಕಾಲಂ ಇನ್ನೂ ಅಪಾಯದ್ದು. ಬ್ರೇವ್ ಎಂಬ ಗುಣವಾಚಕದೆದುರು ಕರೇಜ್ ಎಂಬ ನಾಮಪದ ಕೂತಿದೆ. ಮಗು ನಂಬಿ 'ಶೀ ಈಸ್ ಕರೇಜ್' ಎಂದು ಬರೆಯುತ್ತದೆ, ಬೇಕಾಗಿದ್ದದ್ದು ಕರೇಜಸ್. ಥಿನ್ ಎದುರು ಸ್ಲಿಮ್, ಸ್ಕಿನ್ನಿ ಎರಡನ್ನೂ ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿದ್ದಾರೆ. ನಮ್ಮಲ್ಲಿ 'ಸಪೂರ' ಎಂದರೆ ಯಾರಿಗೂ ಬೇಸರವಿಲ್ಲ, 'ನರಪೇತಲ' ಎಂದರೆ ಜಗಳ. ಸ್ಲಿಮ್ ಮೆಚ್ಚುಗೆ, ಸ್ಕಿನ್ನಿ ಕೊಂಕು. ಅರ್ಥ ಹೊಂದಿದರೂ ಜೋಡಿ ಹೊಂದದ ಪದಗಳೂ ಇವೆ: ಸ್ಟ್ರಾಂಗ್, ಪವರ್‌ಫುಲ್ ಸಮಾನಾರ್ಥಕವೆಂದು ಕಲಿತ ಮಗು 'ಪವರ್‌ಫುಲ್ ಟೀ' ಎನ್ನುತ್ತದೆ. ಚಾ ಇಂಗ್ಲಿಷಿನಲ್ಲಿ ಸ್ಟ್ರಾಂಗ್ ಮಾತ್ರ, ಜೋರು ಮಳೆ ಹೆವಿ ಮಾತ್ರ. ಆದ್ದರಿಂದ ಒಂದು ಸಿನೋನಿಮ್ ಒಪ್ಪುವ ಮೊದಲು ಮಗು ಅದನ್ನು ಹಳೆಯ ಪದದ ವಾಕ್ಯದಲ್ಲಿ ಕೂರಿಸಿ ನೋಡಲಿ. ಕೂರದಿದ್ದರೆ ಹೊಡೆದುಹಾಕಲಿ.

ಪುಸ್ತಕದ ಒಳ್ಳೆಯ ಭಾಗ ಆಂಟೋನಿಮ್, ಅದರಲ್ಲೂ ಉಪಸರ್ಗದ ಆರು ಪಾಠಗಳು. ಅನ್, ಇನ್, ಡಿಸ್, ಮಿಸ್ ಗುಂಪು ಮಾಡಿ ಕೊಟ್ಟಿದ್ದಾರೆ. ಇನ್ ಎಂಬುದು ಪಿ, ಬಿ, ಎಂ ಮೊದಲು ಇಮ್ ಆಗುತ್ತದೆಂಬ ನಿಯಮ ಇದೆ, ಕಾರಣ ಇಲ್ಲ. ಕನ್ನಡದ ಮಗುವಿಗೆ ಕಾರಣ ಬಾಯಲ್ಲೇ ಇದೆ: 'ಕುಂಬಳೆ' ಎನ್ನುವಾಗ ಸೊನ್ನೆ ಮಕಾರ, 'ಬಂದಡ್ಕ' ಎನ್ನುವಾಗ ನಕಾರ. ಮುಂದೆ ತುಟಿ ಕೂಡಿಸುವ ಅಕ್ಷರ ಬಂದರೆ ಸೊನ್ನೆಯೂ ತುಟಿಗೆ ಬರುತ್ತದೆ. ಅದೇ ಲೆಕ್ಕದಲ್ಲಿ ಇಂಪಾಸಿಬಲ್, ಇನ್‌ಕಂಪ್ಲೀಟ್. ಎಲ್ ಮೊದಲು ಇಲ್, ಆರ್ ಮೊದಲು ಇರ್: ಇಲ್‌ಲೀಗಲ್, ಇರ್‌ರೆಗ್ಯುಲರ್.

ಆದರೆ ಇನ್ ಸೇರಿಸಿದರೆ ವಿರುದ್ಧ ಪದ ಎಂಬುದನ್ನೇ ನಂಬಿ ಪುಸ್ತಕವೂ ಒಂದು ಕಡೆ ಮುಗ್ಗರಿಸಿದೆ. ವ್ಯಾಲ್ಯುಬಲ್‌ಗೆ ವಿರುದ್ಧ ಇನ್‌ವ್ಯಾಲ್ಯುಬಲ್ ಎಂದು ಅಚ್ಚಾಗಿದೆ. ಇನ್‌ವ್ಯಾಲ್ಯುಬಲ್ ಎಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯ. ವಿರುದ್ಧ ಪದ ವರ್ತ್‌ಲೆಸ್. ಇದಕ್ಕೆ ಜೊತೆ ಹೆದ್ದಾರಿ 66ರಲ್ಲಿ ಹಾದುಹೋಗುವ ಟ್ಯಾಂಕರುಗಳ ಹಿಂದಿನ 'ಹೈಲಿ ಇನ್‌ಫ್ಲೇಮಬಲ್'. ಇನ್ ಎಂದರೆ 'ಅಲ್ಲ' ಎಂದಷ್ಟೇ ಕಲಿತವರು ಅದನ್ನು 'ಬೆಂಕಿ ಹಿಡಿಯದ್ದು' ಎಂದು ಓದಿಯಾರು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಬೆಂಕಿ ಹಿಡಿಯುವುದೇ.

ಒಂದು ಪದಕ್ಕೆ ಒಂದೇ ವಿರುದ್ಧ ಪದ ಎಂಬ ಹಟವೂ ಸರಿಯಲ್ಲ. ವಿರುದ್ಧ ಹುಟ್ಟುವುದು ಅರ್ಥಕ್ಕೆ, ಪದಕ್ಕಲ್ಲ. ಚೀಲ ಲೈಟ್ ಆದರೆ ವಿರುದ್ಧ ಹೆವಿ, ಬಣ್ಣ ಲೈಟ್ ಆದರೆ ಡಾರ್ಕ್. ಓಲ್ಡ್ ಮ್ಯಾನ್‌ಗೆ ಯಂಗ್, ಓಲ್ಡ್ ಬಸ್ಸಿಗೆ ನ್ಯೂ. ಹಾಟ್, ಕೋಲ್ಡ್ ನಡುವೆ ವಾರ್ಮ್, ಕೂಲ್ ಎಂಬ ಮೆಟ್ಟಿಲುಗಳಿವೆ, ಚಾ ಬಿಸಿಯಿಲ್ಲ ಎಂದಮಾತ್ರಕ್ಕೆ ಅದು ತಣ್ಣಗಿದೆ ಎಂದಾಗಲಿಲ್ಲ. ಅಲೈವ್, ಡೆಡ್ ನಡುವೆ ಮೆಟ್ಟಿಲಿಲ್ಲ. ಏಳನೆಯವರು ಸ್ಕಾಲರ್‌ಶಿಪ್ ಪರೀಕ್ಷೆಗೆ ತಯಾರಾಗುವಾಗ ಈ ವ್ಯತ್ಯಾಸ ಗೊತ್ತಿದ್ದರೆ ಆಯ್ಕೆಗಳ ನಡುವೆ ತಡಕಾಡುವುದು ತಪ್ಪುತ್ತದೆ.

ಇದೇ ಪುಸ್ತಕ ಇಂಗ್ಲಿಷ್–ಮಲಯಾಳದಲ್ಲೂ ಸಿಗುತ್ತದೆ, 20 ರೂಪಾಯಿ ಕಡಿಮೆಗೆ. ಮಗುವಿಗೆ ಮಲಯಾಳ ಓದಲು ಬರುತ್ತದಲ್ಲ ಎಂದು ಅದನ್ನೇ ಒಯ್ಯಬೇಡಿ. ಅಲ್ಲಿ ಆಪರ್ಚುನಿಟಿ ಎದುರು 'ಅವಸರಂ' ಎಂದಿರುತ್ತದೆ. ಕನ್ನಡ ಮಾಧ್ಯಮದ ಮಗು ಅದನ್ನು ಗಡಿಬಿಡಿ ಎಂದುಕೊಳ್ಳುತ್ತದೆ. ಹಕ್ಕು ಎಂಬರ್ಥದ ರೈಟ್ ಎದುರು 'ಅವಕಾಶಂ'. ನಮಗೆ ಅವಕಾಶವೆಂದರೆ ಆಪರ್ಚುನಿಟಿ. ಪರ್ಮಿಷನ್‌ಗೆ 'ಅನುವಾದಂ', ನಮ್ಮ ಅನುವಾದ ಟ್ರಾನ್ಸ್‌ಲೇಷನ್. ಪದ ಒಂದೇ ಮುಖದ್ದು, ಮನೆ ಬೇರೆ. ಗಡಿನಾಡಿನ ಮಕ್ಕಳ ಉತ್ತರ ಪತ್ರಿಕೆಯಲ್ಲಿ ಕಾಣುವ ಎಷ್ಟೋ ವಿಚಿತ್ರ ತಪ್ಪುಗಳ ಬೇರು ಇಲ್ಲಿದೆ, ಮಗುವಿನ ದಡ್ಡತನದಲ್ಲಲ್ಲ.

'60 ದಿನದಲ್ಲಿ 600 ಪದ' ಎಂದು ರಟ್ಟಿನ ಮೇಲಿದೆ. ಮರೆಯಿರಿ. ದಿನಕ್ಕೆ 10 ಹೊಸ ಪದ ಹಾಕಿದರೆ ಮೂರನೇ ವಾರಕ್ಕೆ ಮೊದಲ ವಾರದ್ದು ಖಾಲಿ. ದಿನಕ್ಕೆ 5, ವಾರಕ್ಕೆ ಐದು ದಿನ, ಶನಿವಾರ ಹಳೆಯದರ ಪರೀಕ್ಷೆ, ಭಾನುವಾರ ರಜೆ. 24 ವಾರಕ್ಕೆ ಪುಸ್ತಕ ಮುಗಿಯುತ್ತದೆ. ಒಂದೊಂದು ಪದವನ್ನೂ ಮರುದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ ಮತ್ತೆ ಕೇಳಬೇಕು. ಇದಕ್ಕೆ ಹಳೆಯ ಮದುವೆ ಕಾಗದಗಳನ್ನು ನಾಲ್ಕು ತುಂಡು ಮಾಡಿದರೆ ಒಳ್ಳೆಯ ಕಾರ್ಡು: ಖಾಲಿ ಬದಿಗೆ ಪದ, ಅಚ್ಚಿರುವ ಬದಿಗೆ ಬಿಳಿ ಕಾಗದ ಅಂಟಿಸಿ ಮಗುವಿನದೇ ವಾಕ್ಯ. ವಾಕ್ಯದಲ್ಲಿ ಪದದ ಜಾಗ ಖಾಲಿ ಬಿಡಿ, ಇಲ್ಲವಾದರೆ ಅದು ನೋಡಿ ಓದುವುದಷ್ಟೇ ಆಗುತ್ತದೆ. ತಪ್ಪಿದ ಕಾರ್ಡು ಮತ್ತೆ ಮೊದಲ ದಿನದ ಕಟ್ಟಿಗೆ.

ಕಾಗದ ತೆಳು, ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ. ನಡುವಿನ ಪಿನ್ನುಗಳು ಎರಡು ತಿಂಗಳು ತಡೆಯುವುದಿಲ್ಲ, ತಂದ ದಿನವೇ ದಪ್ಪ ನೂಲಿನಲ್ಲಿ ಹೊಲಿದಿಡಿ. ಉತ್ತರದ ಎಂಟು ಪುಟ ಬಿಚ್ಚಿ ದೊಡ್ಡವರ ಬಳಿ ಇರಲಿ, ಆದರೆ ಅವನ್ನು ತಿದ್ದಿದ ಮೇಲೆ: ವ್ಯಾಲ್ಯುಬಲ್‌ಗೆ ವರ್ತ್‌ಲೆಸ್, ಬ್ರೇವ್‌ಗೆ ಕರೇಜಸ್, 'ರೈಟ್' ಎದುರು ರಾಂಗ್ ಒಂದೇ ಇರುವಲ್ಲಿ ಪಕ್ಕಕ್ಕೆ ಲೆಫ್ಟ್ ಕೂಡ. ಎರಡನೇ ಭಾಗ ಬೇಡ. ಅದರಲ್ಲಿ ಅರ್ಧದಷ್ಟು ಮೊದಲ ಭಾಗದ ಪದಗಳೇ.